ಮಂಗಳವಾರದ ಪಾರ್ಲರು

ಆಕೆಯ ಹತ್ತು ಬೆರಳುಗಳ ತುದಿಯೂ ಕಪ್ಪು. ಊರವರ ತಲೆಗೆ ಬಣ್ಣ ಹಚ್ಚಿ ಹಚ್ಚಿ ಉಗುರಿನ ಸಂದಿಗೆ ಇಳಿದಿದ್ದ ಆ ಕಪ್ಪು ಯಾವ ಸೋಪಿಗೂ ಬಗ್ಗುತ್ತಿರಲಿಲ್ಲ. ಆಕೆಯ ಸ್ವಂತ ತಲೆ ಮಾತ್ರ ಅಚ್ಚ ಬಿಳಿ. ಬ್ಯೂಟಿ ಪಾರ್ಲರಿನ ಒಡತಿಯೇ ಹೀಗಿದ್ದರೆ ಹೇಗೆ ಎಂದು ನಾನೊಮ್ಮೆ ಕೇಳಿದ್ದಕ್ಕೆ, "ನನ್ನ ತಲಿ ನೋಡಿ ನೀವು ಹೆದರಬೇಕಲ್ರಿ ಮೇಡಂ! ಹೆದರಿದ್ರ ತಾನ ಬಂದು ಕುಂದ್ರತೀರಿ?" ಎಂದಿದ್ದಳು.

ವಿಶಾಖಪಟ್ಟಣದ ಗಾಜುವಾಕದಲ್ಲಿ, ಬಸ್ಸುಗಳ ರಸ್ತೆಯಿಂದ ಎರಡು ಬೀದಿ ಒಳಗೆ, ಒಂದು ಮೊಬೈಲ್ ಅಂಗಡಿಗೂ ಟಿಫಿನ್ ಸೆಂಟರಿಗೂ ನಡುವೆ ಆಕೆಯ ಪಾರ್ಲರು. ಬೋರ್ಡು ತೆಲುಗಿನಲ್ಲಿ, ಗಿರಾಕಿಗಳು ತೆಲುಗಿನವರು. ಆಕೆ ಬಳ್ಳಾರಿಯವಳು. ಎಲ್ಲರಿಗೂ ಪಾರ್ಲರಕ್ಕ. ವಯಸ್ಸಿನಲ್ಲಿ ನಾನು ದೊಡ್ಡವಳಾದರೂ ಬರಬರುತ್ತ ನನ್ನ ಬಾಯಿಗೂ ಅದೇ ಬಂತು. ಹೆಸರು ಬರೆಯುವುದಿಲ್ಲ. ನಮ್ಮ ಬಳಗದಲ್ಲಿ ಇನ್ನೊಬ್ಬರ ಹೆಸರನ್ನು ಹೊರಗೆ ಹೇಳುವಂತಿಲ್ಲ ಎಂಬುದು ನಿಯಮ, ನಾನು ನಿಯಮ ಪಾಲಿಸುವವಳು.

ನಾನು ಮಂಡ್ಯದ ಕಡೆಯಿಂದ ನರ್ಸಾಗಿ ವಿಶಾಖಪಟ್ಟಣಕ್ಕೆ ಬಂದು, ಒಂದು ದೊಡ್ಡ ಆಸ್ಪತ್ರೆಯಲ್ಲಿ ನರ್ಸಿಂಗ್ ಸೂಪರಿಂಟೆಂಡೆಂಟ್ ಆಗಿ ನಿವೃತ್ತಳಾದೆ. ಹಾಸಿಗೆಯ ಬಟ್ಟೆಯನ್ನು ಮೂಲೆಯಲ್ಲಿ ಹೇಗೆ ಮಡಿಸಬೇಕು ಎಂಬುದರಿಂದ ಹಿಡಿದು ಎಲ್ಲಕ್ಕೂ ನನ್ನ ಬಳಿ ಒಂದು ಕ್ರಮವಿತ್ತು. ಪತಿ ತೀರಿಕೊಂಡ ಮೇಲೆ ಕುಡಿಯತೊಡಗಿದ್ದೂ ಕ್ರಮಬದ್ಧವಾಗಿಯೇ. ರಾತ್ರಿ ಊಟವಾಗಬೇಕು, ಪಾತ್ರೆ ತೊಳೆದಿರಬೇಕು, ಮರುದಿನದ ಸೀರೆಗೆ ಇಸ್ತ್ರಿ ಆಗಿರಬೇಕು. ಆಮೇಲೆ ಔಷಧ ಅಳೆಯುವ ಪುಟ್ಟ ಗಾಜಿನ ಲೋಟದಲ್ಲಿ ಅಳೆದು ಬ್ರಾಂಡಿ. ಅಳೆದು ಕುಡಿಯುವವರು ಕುಡುಕರಲ್ಲ ಎಂಬುದು ನನ್ನ ಸಿದ್ಧಾಂತ. ನಿವೃತ್ತಿಯಾದ ಮೇಲೆ ಇಸ್ತ್ರಿಯ ಕೆಲಸ ಸಂಜೆಗೆ ಬಂತು, ಊಟ ಇನ್ನೂ ಮುಂಚೆ ಬಂತು. ಕೊನೆಕೊನೆಗೆ ಬೆಳಗಿನ ತಿಂಡಿಯ ಪಾತ್ರೆ ತೊಳೆದ ಮೇಲೂ ಅಳೆಯತೊಡಗಿದೆ. ಪಾತ್ರೆ ತೊಳೆದಿತ್ತಲ್ಲ! ಒಂದೇ ಒಂದು ನಿಯಮವನ್ನೂ ಮುರಿಯದೆ ನಾನು ಪೂರಾ ಕುಡುಕಿಯಾಗಿದ್ದೆ.

ಅಂಥದೊಂದು ಬೆಳಿಗ್ಗೆ ಪಾರ್ಲರಿಗೆ ಹೋದೆ. ಸಂಜೆ ನರ್ಸಿಂಗ್ ಕಾಲೇಜೊಂದರಲ್ಲಿ ನನಗೆ ಸನ್ಮಾನವಿತ್ತು, ತಲೆಗೆ ಬಣ್ಣ ಹಚ್ಚಿಸಬೇಕಿತ್ತು. ಬಾಯಿಯಲ್ಲಿ ಏಲಕ್ಕಿ. ಫೋನಿನಲ್ಲಿ ಮಗಳೊಂದಿಗೆ ಕನ್ನಡ ಮಾತಾಡಿದ್ದನ್ನು ಕೇಳಿ ಆಕೆಯ ಮುಖ ಅರಳಿತು. ನಮ್ಮ ಕಡೆಯವರು, ನಮ್ಮ ಕಡೆಯವರು ಎಂದು ಎರಡು ಸಲ ಹೇಳಿ, ಬ್ರಷ್ಷು ಹಿಡಿದು ಅರ್ಧ ತಲೆಗೆ ಬಣ್ಣ ಬಳಿದಳು. ಕಿವಿಯ ಬಳಿ ಹಚ್ಚಲು ಬಗ್ಗಿದವಳು ಹಾಗೇ ನಿಂತಳು.

"ಏಲಕ್ಕಿ ವಾಸನಿ ಚಲೋ ಐತ್ರಿ ಮೇಡಂ. ಅದರ ಕೆಳಗಿನ ಬ್ರಾಂಡಿ ಯಾವುದು?"

ನನ್ನ ಮೈಯೆಲ್ಲ ಉರಿದುಹೋಯಿತು. "ನಾನು ಯಾರು ಅಂತ ಗೊತ್ತಾ ನಿನಗೆ?"

"ಗೊತ್ತಾತ್ರಿ. ನಮ್ಮಾಕಿ."

ಕುತ್ತಿಗೆಗೆ ಸುತ್ತಿದ ಬಟ್ಟೆ ಕಿತ್ತೆಸೆದು ಎದ್ದೆ. ಎದುರಿನ ಕನ್ನಡಿಯಲ್ಲಿ ಅರ್ಧ ಕಪ್ಪು, ಅರ್ಧ ಬಿಳಿ ತಲೆಯ ಒಬ್ಬ ಮುದುಕಿ ನಿಂತಿದ್ದಳು. ಹೊರಗೆ ಇಡೀ ಗಾಜುವಾಕ.

"ಹೋಗ್ರಿ, ಹೋಗ್ರಿ. ಸನ್ಮಾನಕ್ಕ ಅರ್ಧ ತಲಿ ಸಾಕು," ಎಂದಳು, ಬ್ರಷ್ಷನ್ನು ಬಟ್ಟಲಿನಲ್ಲಿ ಅದ್ದುತ್ತಲೇ.

ಕುಳಿತೆ. ಬೇರೆ ದಾರಿ ಇರಲಿಲ್ಲ. ಬಣ್ಣ ಹಿಡಿಯುವ ತನಕ ಏಳುವಂತಿಲ್ಲವಲ್ಲ, ಅಷ್ಟು ಹೊತ್ತೂ ಆಕೆ ತನ್ನ ಕತೆ ಹೇಳಿದಳು. ಬಳ್ಳಾರಿಯಲ್ಲಿ ಗಂಡ ಕುಡಿಯುತ್ತಿದ್ದ, ಜೊತೆಗೆ ಕೂರಿಸಿಕೊಂಡು ಇವಳಿಗೂ ಕಲಿಸಿದ. ಅವನು ಸತ್ತ, ಇವಳ ಕುಡಿತ ಉಳಿಯಿತು. ತವರಿನವರು ಬಾಗಿಲು ಹಾಕಿದರು. ಗೆಳತಿಯೊಬ್ಬಳನ್ನು ನಂಬಿ ಗಾಜುವಾಕಕ್ಕೆ ಬಂದು ಕತ್ತರಿ ಹಿಡಿಯುವುದು ಕಲಿತಳು. ಒಂದು ಶಾಲೆಯ ಹಿಂದಿನ ಕೋಣೆಯಲ್ಲಿ ಕುಡಿತ ಬಿಡುವವರ ಬಳಗ ಸೇರುತ್ತದೆ ಎಂದು ಯಾರೋ ಹೇಳಿದರು. ಹೋದಳು. ಉಕ್ಕಿನ ಕಾರ್ಖಾನೆಯವರು, ಬಂದರಿನವರು, ಎಲ್ಲ ಗಂಡಸರು. ಒಳ್ಳೆಯ ಜನ, ಕುರ್ಚಿ ಕೊಟ್ಟು ಕೂರಿಸಿದರು. ಅವರ ನಡುವೆ ಕುಳಿತೇ ಇವಳು ಬಿಟ್ಟಳು. ಆದರೆ ಇನ್ನೊಬ್ಬ ಹೆಂಗಸು ಆ ಕೋಣೆಯ ಬಾಗಿಲಿಗೆ ಬಂದದ್ದನ್ನು ಕಾಣಲಿಲ್ಲ.

"ಗಂಡಸ್ರು ಕುಡದ್ರ ಮನಿಯವ್ರು ಕೈ ಹಿಡಕೊಂಡು ಸಭಾಕ್ಕ ಬಿಟ್ಟು ಹೋಗ್ತಾರ. ಹೆಂಗಸ್ರು ಕುಡದ್ರ ಒಳಗ ಕೂಡಿ ಚಿಲಕ ಹಾಕ್ತಾರ. ಅದಕ್ಕ ನಾ ಇಲ್ಲೇ ಶುರು ಮಾಡೀನಿ. ಮಂಗಳವಾರ ಬರ್ರಿ."

"ನನಗೇನೂ ಆಗಿಲ್ಲ," ಎಂದೆ.

"ನಾ ಎಲ್ಲಿ ಆಗೇತಿ ಅಂದೆ? ತಲಿ ತೊಳೀತೀನಿ, ಬಗ್ಗರಿ."

ಸಂಜೆ ಸನ್ಮಾನಕ್ಕೆ ಹೋದೆ. ಶಾಲು ಹೊದಿಸಲು ಪ್ರಾಂಶುಪಾಲರು ಹತ್ತಿರ ಬಂದಾಗ ಉಸಿರು ಬಿಗಿಹಿಡಿದು ನಿಂತೆ. ಎದುರಿಗೆ ಬಿಳಿ ಸಮವಸ್ತ್ರದ ಹುಡುಗಿಯರು ಚಪ್ಪಾಳೆ ತಟ್ಟುತ್ತಿದ್ದರು. ಶಿಸ್ತಿನ ಬಗ್ಗೆ ನಾಲ್ಕು ಮಾತು ಹೇಳಿ ಎಂದರು. ಹೇಳಿದೆ. ಆ ನಾಲ್ಕು ಮಾತು ಹೇಳಿದ ಬಾಯಿಯನ್ನು ಹೊತ್ತುಕೊಂಡು ಮನೆಗೆ ಬಂದ ಮೇಲೆ ಮಂಗಳವಾರದ ತನಕ ಕಾಯುವುದೇ ಕಷ್ಟವಾಯಿತು.

ಮಂಗಳವಾರವೇ ಏಕೆ? ಆ ದಿನ ಯಾವ ಹೆಂಗಸೂ ಕೂದಲಿಗೆ ಕತ್ತರಿ ಹಾಕಿಸುವುದಿಲ್ಲ. ಪಾರ್ಲರು ಬಣಬಣ. ಆದರೆ ಫೇಷಿಯಲ್‌ಗೆ ದೋಷವಿಲ್ಲ. ಹೀಗಾಗಿ, "ಎಲ್ಲಿಗೆ ಹೊರಟೆ?" ಎಂದು ಮನೆಯಲ್ಲಿ ಕೇಳಿದರೆ, "ಫೇಷಿಯಲ್‌ಗೆ" ಎನ್ನಬಹುದು. ಶಟರನ್ನು ಅರ್ಧ ಇಳಿಸಿ, ಬಂದವರನ್ನೆಲ್ಲ ಸಾಲಾಗಿ ಕೂರಿಸಿ, ಮುಖಕ್ಕೆ ಮುಲ್ತಾನಿ ಮಿಟ್ಟಿ ಹಚ್ಚಿ, ತಲೆಗೆ ಟವಲು ಸುತ್ತುತ್ತಿದ್ದಳು. ಅಪ್ಪಿತಪ್ಪಿ ಯಾರಾದರೂ ಒಳಗೆ ಬಗ್ಗಿ ನೋಡಿದರೆ ಮಣ್ಣು ಮೆತ್ತಿಕೊಂಡ ಆರೇಳು ಮುಖ. ಯಾರು ಯಾರೆಂದು ಗುರುತು ಹತ್ತುತ್ತಿರಲಿಲ್ಲ.

ಇದರಲ್ಲಿ ಒಂದು ತೊಂದರೆಯಿತ್ತು. ಮಣ್ಣು ಒಣಗಿದ ಮೇಲೆ ಮಾತಾಡಿದರೆ ಬಿರುಕು ಬಿಡುತ್ತದೆ, ಅತ್ತರೆ ಕೆಸರಾಗಿ ಕುತ್ತಿಗೆಗೆ ಇಳಿಯುತ್ತದೆ. "ಅಳಾಕಿ ಇದ್ರ ಮೊದ್ಲ ಹೇಳವ್ವ, ನಿನಗ ಮಣ್ಣು ಹಚ್ಚೂದಿಲ್ಲ. ದುಡ್ಡು ಕೊಟ್ಟು ತಂದೀನಿ!" ಎಂದು ಅದನ್ನೇ ತೆಲುಗಿನಲ್ಲೂ ಹೇಳುತ್ತಿದ್ದಳು. ನಗು ಬಂದು ಎಲ್ಲರ ಮುಖವೂ ಒಟ್ಟಿಗೇ ಬಿರಿಯುತ್ತಿತ್ತು.

ಮೊದಲು ನನ್ನನ್ನು ಡಾಕ್ಟರ ಬಳಿ ಕರೆದೊಯ್ದಳು. ಹಳೆಯ ಕುಡಿತವನ್ನು ಥಟ್ಟನೆ ನಿಲ್ಲಿಸಿದರೆ ಮೈ ಮುರಿದು ಬೀಳುತ್ತದೆ ಎಂದು ನನಗೂ ಗೊತ್ತಿತ್ತು, ಆಕೆಗೂ ಗೊತ್ತಿತ್ತು. ಗೊತ್ತಿದ್ದವರನ್ನೂ ಯಾರಾದರೂ ಕೈಹಿಡಿದು ಕರೆದೊಯ್ಯಬೇಕಾಗುತ್ತದೆ. ಡಾಕ್ಟರು ಒಪ್ಪಿದ ಮೇಲೆ ಬಳಗದಲ್ಲಿ ಮಾತಾಡುವ ಸರದಿ ನನಗೂ ಬಂತು. ನನ್ನ ತೆಲುಗು ಚೆನ್ನಾಗಿದೆ. ಯಾವಾಗಿನಿಂದ, ಎಷ್ಟು, ಯಾವ ಕಾರಣಕ್ಕೆ ಎಂದು ಅಚ್ಚುಕಟ್ಟಾಗಿ ಒಪ್ಪಿಸಿದೆ. ಪಾರ್ಲರಕ್ಕ ಕೈ ಎತ್ತಿ ನಿಲ್ಲಿಸಿದಳು.

"ಮೇಡಂ, ಇದು ಡ್ಯೂಟಿ ರಿಪೋರ್ಟ್ ಆತು. ಕನ್ನಡದಾಗ ಹೇಳ್ರಿ."

"ಇವರಿಗೆ ಅರ್ಥವಾಗುವುದಿಲ್ಲವಲ್ಲ."

"ಅವ್ರಿಗೆ ಯಾಕ ಅರ್ಥ ಆಗಬೇಕು? ಮೊದ್ಲ ನಿಮಗ ಆಗ್ಲಿ."

ಕನ್ನಡದಲ್ಲಿ ಬಾಯಿ ತೆರೆದೆ. ಪತಿ ತೀರಿಕೊಂಡ ದಿನ ಅವರ ಹಾಸಿಗೆಯ ಬಟ್ಟೆ ಬದಲಿಸಿ, ಮೂಲೆ ಮಡಿಸಿ, ಅದರ ಮೇಲೆ ಯಾರೂ ಕೂರಕೂಡದೆಂದು ನಾನು ಗದರಿದ್ದು ನೆನಪಾಯಿತು. ಅದನ್ನು ಅದುವರೆಗೆ ಯಾರಿಗೂ ಹೇಳಿರಲಿಲ್ಲ. ಹೇಳಿ ಮುಗಿಸಿದಾಗ ಮಣ್ಣೆಲ್ಲ ಸೆರಗಿಗೆ ಇಳಿದಿತ್ತು. ಪಕ್ಕದಲ್ಲಿದ್ದ ಒಬ್ಬ ಶಾಲಾ ಶಿಕ್ಷಕಿ, ಕನ್ನಡದ ಒಂದಕ್ಷರ ತಿಳಿಯದವಳು, ನನ್ನ ಮೊಣಕೈ ಹಿಡಿದು, "ಮಾಟ ಅರ್ಥಂ ಕಾಲೇದು ಮೇಡಂ, ಮೀರು ಅರ್ಥಮಯ್ಯಾರು" ಎಂದಳು. ಮಾತು ಅರ್ಥವಾಗಲಿಲ್ಲ, ನೀವು ಅರ್ಥವಾದಿರಿ ಎಂದು.

ಪಾರ್ಲರಕ್ಕ ಉಪದೇಶ ಮಾಡುತ್ತಿರಲಿಲ್ಲ. ಬಿಟ್ಟು ಎಷ್ಟು ದಿನವಾಯಿತು ಎಂದು ಯಾರಾದರೂ ಲೆಕ್ಕ ಒಪ್ಪಿಸಿದರೆ, "ದಿನ ಎಣಿಸೋರು ಜೈಲಿನಾಗಿನವ್ರು. ನೀ ಹೊರಗ ಬಂದೀದಿ ಏನಿಲ್ಲ?" ಎನ್ನುತ್ತಿದ್ದಳು. ಮತ್ತೆ ಕುಡಿದು ಬಂದವಳನ್ನು ಬೈಯುತ್ತಿರಲಿಲ್ಲ, ಮೊದಲು ಇಡ್ಲಿ ತರಿಸಿ ತಿನ್ನಿಸುತ್ತಿದ್ದಳು. ಬೈಗುಳವೆಲ್ಲ ಆಮೇಲೆ, ಕೈತೊಳೆದ ಮೇಲೆ.

ಇಂಥ ಏರ್ಪಾಡು ಬಹಳ ಕಾಲ ಗುಟ್ಟಾಗಿ ಉಳಿಯಲಾರದು. ಆ ಶಿಕ್ಷಕಿಯ ಗಂಡನಿಗೆ ಸಂಶಯ ಬಂತು. ಪ್ರತಿ ಮಂಗಳವಾರ ಫೇಷಿಯಲ್, ಮುಖ ಮಾತ್ರ ಮೊದಲಿದ್ದಂತೆಯೇ ಇದೆ! ಒಂದು ದಿನ ಹಿಂದೆಯೇ ಬಂದ. ಶಟರಿನ ಹೊರಗೆ ನಿಂತು ಎಲ್ಲ ಕೇಳಿಸಿಕೊಂಡ. ಆಮೇಲೆ ಶಟರನ್ನು ದಡಾರನೆ ಮೇಲಕ್ಕೆತ್ತಿ, "ಇದಿ ಪಾರ್ಲರಾ, ತಾಗುಬೋತುಲ ಅಡ್ಡಾನಾ?" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ. ತಾಗುಬೋತು ಎಂದರೆ ಕುಡುಕ. ಹೆಂಡತಿಯ ತೋಳು ಹಿಡಿದು ಎಳೆದುಕೊಂಡು ಹೋದ. ಅವಳ ಮುಖದ ಮೇಲೆ ಇನ್ನೂ ಹಸಿ ಮಣ್ಣಿತ್ತು. ಟಿಫಿನ್ ಸೆಂಟರಿನಲ್ಲಿ ತಿನ್ನುತ್ತಿದ್ದವರು ಕೈಯಲ್ಲಿ ದೋಸೆ ಹಿಡಿದೇ ಎದ್ದು ನಿಂತು ನೋಡಿದರು.

ಸಂಜೆಗೆ ಕಟ್ಟಡದ ಮಾಲೀಕ ಬಂದ. ಮಂಗಳವಾರದ ಈ ವ್ಯವಹಾರ ನಿಲ್ಲಬೇಕು, ಇಲ್ಲದಿದ್ದರೆ ಖಾಲಿ ಮಾಡಬೇಕು, ಮುಂದಿನ ಮಂಗಳವಾರ ತಾನೇ ಬಂದು ನೋಡುವೆ ಎಂದ. ಬಳಗದ ಹೆಂಗಸರೆಲ್ಲ ಹೆದರಿದರು. ಇನ್ನು ಬರುವುದಿಲ್ಲ ಎಂದು ಒಬ್ಬೊಬ್ಬರೇ ಫೋನು ಮಾಡಿದರು. ನಾನೂ ಮಾಡಿದೆ. ಬೇರೆ ಜಾಗ ಹುಡುಕೋಣ, ಸದ್ದಿಲ್ಲದೆ ಸ್ವಲ್ಪ ದಿನ ಸುಮ್ಮನಿರೋಣ ಎಂದೆ.

"ಸದ್ದಿಲ್ದಂಗ ಕುಡದೇವು," ಎಂದಳು ಆಕೆ. "ಸದ್ದಿಲ್ದಂಗ ಸಾಯಾಕ ಹೊಂಟಿದ್ವಿ. ಬಿಡೂದೂ ಸದ್ದಿಲ್ದಂಗ ಅಂದ್ರ ನನ್ನ ಕೈಲಿ ಆಗೂದಿಲ್ರಿ."

ಆ ಮಂಗಳವಾರ ನಾನು ಹೋಗುವ ಹೊತ್ತಿಗೆ ಶಟರು ಪೂರ್ತಿ ಮೇಲಿತ್ತು. ಕನ್ನಡಿಯ ಕಡೆಗೆ ಮುಖಮಾಡಿದ್ದ ಕುರ್ಚಿಗಳನ್ನೆಲ್ಲ ಬೀದಿಯ ಕಡೆಗೆ ತಿರುಗಿಸಿದ್ದಳು. ಮಣ್ಣೂ ಇಲ್ಲ, ಟವಲೂ ಇಲ್ಲ. ನಾನೂ ಸೇರಿ ಬಂದವರು ನಾಲ್ಕೇ ಜನ. ಯಾರಿಗೆ ಕಾಣಿಸಿಕೊಳ್ಳುವುದು ಬೇಡವೋ ಅವರು ಒಳಕೋಣೆಗೆ ಹೋಗಿ, ಪರದೆ ಎಳೆದುಕೊಳ್ಳಿ ಎಂದಳು. ಒಬ್ಬರ ಹೆಸರನ್ನೂ ಕರೆಯಲಿಲ್ಲ. ಇಬ್ಬರು ಒಳಗೆ ಹೋದರು, ನಾನೂ ಇನ್ನೊಬ್ಬಳೂ ಉಳಿದೆವು. ಅವರನ್ನು ಒಂದು ಮಾತೂ ಹಳಿಯಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದಳು.

"ಮೇಡಂ, ನೀವು ಮುಂದಿನ ಕುರ್ಚಿಗೆ ಕುಂದ್ರತೀರೇನು?"

"ನಾನೇ ಯಾಕೆ?"

"ನಂದು, ಈಕಿದು ಹೋಗೂ ಮರ್ಯಾದಿ ಯಾವಾಗ್ಲೋ ಹೋಗೈತಿ. ಹೋದದ್ದನ್ನ ಯಾರೂ ನೋಡಾಕ ಬರೂದಿಲ್ಲ. ನಿಮ್ಮದು ಇನ್ನೂ ಐತಿ. ನೀವು ಕುಂತ್ರ ನಿಂತು ನೋಡ್ತಾರ." ಒಳಕೋಣೆಯ ಕಡೆ ಕೈತೋರಿಸಿ, "ಬ್ಯಾಡ ಅಂದ್ರ ಪರದಿ ಹಿಂದ ಜಾಗ ಐತಿ. ನಾ ಏನೂ ಅನ್ಕೊಳ್ಳೂದಿಲ್ಲ," ಎಂದಳು.

ಆ ಬೀದಿಯಲ್ಲಿ ಅರ್ಧ ಜನ ನನ್ನ ವಾರ್ಡಿನಲ್ಲಿ ಮಲಗಿ ಎದ್ದವರು. ರಸ್ತೆಯಲ್ಲಿ ಕಂಡರೆ ಕೈಮುಗಿಯುವವರು. ನನಗೆ ಉಳಿದಿದ್ದದ್ದು ಅದೊಂದೇ, ಆ ಕೈಮುಗಿತ. ಪರದೆಯ ಕಡೆ ನೋಡಿದೆ, ನಿಜ. ಎರಡು ಹೆಜ್ಜೆ ಅತ್ತ ಇಟ್ಟಿದ್ದೂ ನಿಜ. ಪರದೆಯ ಹಿಂದೆ ಹೋಗಿ ಕುಳಿತರೆ ಇಂದಲ್ಲ ನಾಳೆ ಆ ಅಳತೆಯ ಲೋಟವನ್ನು ಮತ್ತೆ ಕೈಗೆತ್ತಿಕೊಳ್ಳುತ್ತೇನೆ ಎಂದು ಆ ಕ್ಷಣದಲ್ಲಿ ಖಚಿತವಾಗಿ ಅನ್ನಿಸಿತು. ನನ್ನ ಕುಡಿತಕ್ಕೆ ಮರೆಯೇ ಮನೆ. ಸೀರೆಯ ನೆರಿಗೆ ಸರಿಮಾಡಿಕೊಂಡು ಮುಂದಿನ ಕುರ್ಚಿಯಲ್ಲಿ ಕುಳಿತೆ.

ಜನ ಸೇರಿದರು. ಯಾರೋ ಮೊಬೈಲು ಎತ್ತಿ ಹಿಡಿದರು. ಮಾಲೀಕ ಬಂದವನು ನನ್ನನ್ನು ಕಂಡು ಬೆಪ್ಪಾದ. ಅವನ ತಾಯಿಯನ್ನು ಕೊನೆಯ ದಿನಗಳಲ್ಲಿ ನೋಡಿಕೊಂಡವಳು ನಾನು.

"ಮೇಡಂ ಗಾರೂ, ಮೀರಾ? ಇಕ್ಕಡಾ?" ನೀವೇ? ಇಲ್ಲೇ? ಎಂದು.

"ಹೌದಪ್ಪ, ನಾನೇ, ಇಲ್ಲೇ," ಎಂದೆ ತೆಲುಗಿನಲ್ಲಿ, ವಾರ್ಡಿನ ದನಿಯಲ್ಲಿ. "ನಾನು ಕುಡಿಯುತ್ತಿದ್ದೆ. ಇವರು ಬಿಡಿಸಿದರು. ಒಳಗೆ ಬಂದು ಕೂರುವುದಿದ್ದರೆ ಚಪ್ಪಲಿ ಬಿಟ್ಟು ಬಾ. ಇಲ್ಲವಾದರೆ ಗಾಳಿಗೆ ಅಡ್ಡ ನಿಲ್ಲಬೇಡ."

ಪಾರ್ಲರಕ್ಕ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಅಲುಗುತ್ತಿದ್ದಳು. ಅಳುತ್ತಿದ್ದಾಳೆ ಎಂದುಕೊಂಡೆ. ನಗುತ್ತಿದ್ದಳು.

ಗೆದ್ದೆವು ಎಂದು ಹೇಳಲಾರೆ. ಬಾಡಿಗೆಯ ಕರಾರು ಮುಗಿದೊಡನೆ ಮಾಲೀಕ ಖಾಲಿ ಮಾಡಿಸಿದ. ಆಕೆ ಇನ್ನೂ ಒಳಗಿನ ಒಂದು ಗಲ್ಲಿಯಲ್ಲಿ, ಅರ್ಧದಷ್ಟು ಜಾಗದಲ್ಲಿ ಪಾರ್ಲರು ಹೂಡಿದಳು. ಆ ಶಿಕ್ಷಕಿ ಮರಳಿ ಬರಲೇ ಇಲ್ಲ. ಅವಳ ಬೀದಿಗೆ ನಾವಿಬ್ಬರೂ ಹೋದೆವು, ಬಾಗಿಲು ತೆರೆಯಲಿಲ್ಲ. ಕೆಲವು ಹಳೆಯ ಪರಿಚಯದವರು ನನ್ನನ್ನು ಕಂಡರೆ ರಸ್ತೆ ದಾಟತೊಡಗಿದರು. ಆದರೆ ಆ ಮೊಬೈಲಿನ ಚಿತ್ರ ಗಾಜುವಾಕವನ್ನೆಲ್ಲ ಸುತ್ತಿ, ಬಂದರಿನ ವಸತಿಗಳವರೆಗೂ ಹೋಗಿ, ಹೊಸ ಹೆಂಗಸರನ್ನು ಕರೆತಂದಿತು. "ಆ ನರ್ಸಮ್ಮ ಕುಳಿತಿದ್ದ ಪಾರ್ಲರು ಯಾವುದು?" ಎಂದು ಕೇಳಿಕೊಂಡು ಬಂದರು. ಪಾರ್ಲರಕ್ಕ ನನಗೆ ಮೊಣಕೈ ತಿವಿದು, "ನೋಡ್ರಿ, ಸನ್ಮಾನ ಅಂದ್ರ ಇದು," ಎಂದಳು.

ಆಮೇಲೆ ನಾನು ವಿಶಾಖಪಟ್ಟಣ ಬಿಟ್ಟೆ. ಬ್ಯಾಂಕಿನಲ್ಲಿರುವ ಮಗಳಿಗೆ ವಿಜಯವಾಡದ ಪಕ್ಕದ ಇಬ್ರಾಹಿಂಪಟ್ನಂಗೆ ವರ್ಗವಾಯಿತು, ಅಳಿಯನ ಕೆಲಸ ಹೈದರಾಬಾದಿನಲ್ಲಿ. ಜೊತೆಗೆ ಇರು ಎಂದಳು. ಥರ್ಮಲ್ ಸ್ಟೇಷನ್ನಿನ ಚಿಮಣಿಗಳು ಕಾಣುವ ಮೂರನೆಯ ಮಹಡಿಯ ಮನೆ. ಸಾಮಾನು ಇಳಿಸಿದ ದಿನವೇ ಮಗಳು ನನ್ನ ಕೈ ಹಿಡಿದುಕೊಂಡು ಹೇಳಿದಳು, "ಅಮ್ಮಾ, ಇಲ್ಲಿ ಯಾರಿಗೂ ಗೊತ್ತಿಲ್ಲ. ನಮ್ಮ ಅತ್ತೆಮನೆಯವರಿಗೂ ಗೊತ್ತಿಲ್ಲ. ಹಾಗೇ ಇರಲಿ, ಪ್ಲೀಸ್." ಅವಳ ಸಂಕಟ ನನಗೆ ತಿಳಿಯಿತು. ಒಪ್ಪಿದೆ. ಕುಡಿಯಲಿಲ್ಲ. ಆದರೆ ಬೆಳಗಿನ ತಿಂಡಿಯ ಪಾತ್ರೆ ತೊಳೆದಿಟ್ಟ ಮೇಲೆ ಸುಮ್ಮನೆ ನಿಂತುಬಿಡುತ್ತಿದ್ದೆ.

ಪಾರ್ಲರಕ್ಕ ಆಸ್ಪತ್ರೆ ಸೇರಿದ್ದಾಳೆ ಎಂದು ಫೋನು ಬಂದಾಗ ಮೊದಲ ರೈಲಿಗೆ ಹೊರಟೆ. ಕುಡಿತ ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಯಕೃತ್ತು ಹಳೆಯದನ್ನು ಮರೆತಿರಲಿಲ್ಲ. ಹೊಟ್ಟೆ ಊದಿತ್ತು, ಕಣ್ಣು ಹಳದಿ. ನಾನು ಹಾಸಿಗೆಯ ಬಳಿ ನಿಂತಿದ್ದಾಗಲೇ ಎಳೆಯ ಡಾಕ್ಟರೊಬ್ಬರು ಬಂದು, ಸಂಕೋಚದಿಂದ ಬಗ್ಗಿ, ಮೆಲುದನಿಯಲ್ಲಿ, "ಅಮ್ಮಾ, ಅಲವಾಟು ಉಂಡೇದಾ?" ಎಂದರು. ಚಟ ಇತ್ತೇ ಎಂದು.

"ಜೋರಾಗಿ ಕೇಳಪ್ಪಾ," ಎಂದಳು ಆಕೆ ತೆಲುಗಿನಲ್ಲಿ, ಇಡೀ ವಾರ್ಡು ತಿರುಗುವಂತೆ. "ಇತ್ತು. ಬಿಟ್ಟೆ. ಎರಡನ್ನೂ ಬರಕೋ. ಬರೇ ಮೊದಲಿನದು ಬರದ್ರ ಸುಮ್ಮನೆ ಬಿಡೂದಿಲ್ಲ!"

ಡಾಕ್ಟರು ಹೋದ ಮೇಲೆ ನನ್ನನ್ನು ನೋಡಿದಳು. "ವಿಜಯವಾಡದಾಗ ಮಂಗಳವಾರ ಯಾರು ನಡಸ್ತಾರ?"

ಮಗಳು, ಬೀಗರು ಎಂದೇನೋ ಹೇಳಲು ಹೋದೆ.

"ಗೋದಾವರಿ ದಾಟಿದ ಕೂಡ್ಲೇ ಗರತಿ ಆದ್ರೇನು?" ಎಂದು ನಕ್ಕಳು. ನಗು ಕೆಮ್ಮಾಯಿತು. ಬೆನ್ನು ನೀವಿದೆ. ಕೆಮ್ಮು ನಿಂತ ಮೇಲೆ, "ಅಲ್ಲೇನು ಹೆಂಗಸ್ರು ಕುಡಿಯೂದಿಲ್ಲ ಅಂತೀರೇನು? ಚಿಲಕ ಹಾಕ್ಕೊಂಡು ಕುಂತಿರ್ತಾರ ಅಕ್ಕಾ," ಎಂದಳು. ಅಕ್ಕಾ ಎಂದದ್ದು ಅದೊಂದೇ ಸಲ.

ಮೂರು ದಿನ ಅವಳ ಹಾಸಿಗೆಯ ಬಟ್ಟೆಯನ್ನು ನಾನೇ ಬದಲಿಸಿದೆ. ಡ್ಯೂಟಿಯ ಹುಡುಗಿಯರು, ನನ್ನ ಕೈಕೆಳಗೆ ಕಲಿತವರ ಕೈಕೆಳಗೆ ಕಲಿತವರು, ಬೇಡವೆಂದರೂ ನಾನು ಬಿಡಲಿಲ್ಲ. ಆಕೆ ಹೋದದ್ದು ಒಂದು ಬೆಳಿಗ್ಗೆ, ಚಹಾ ಬಂತೇ ಎಂದು ಕೇಳಿದ ಮೇಲೆ. ಸ್ಮಶಾನದಲ್ಲಿ ಶಾಲೆಯ ಹಿಂದಿನ ಕೋಣೆಯ ಗಂಡಸರಿದ್ದರು, ಮಂಗಳವಾರದ ಹೆಂಗಸರಿದ್ದರು. ಬಳ್ಳಾರಿಯಿಂದ ಒಬ್ಬರೂ ಬರಲಿಲ್ಲ.

ಇಬ್ರಾಹಿಂಪಟ್ನಂಗೆ ಮರಳಿದ ಮೇಲೆ ನಮ್ಮ ಕಟ್ಟಡದ ಕಾರ್ಯದರ್ಶಿಯ ಬಳಿ ಹೋಗಿ, ಕೆಳಗಿನ ಮೀಟಿಂಗ್ ಹಾಲ್ ಪ್ರತಿ ಮಂಗಳವಾರ ಬೇಕು ಎಂದೆ. "ಭಜನೆಯಾ ಮೇಡಂ?" ಎಂದರು. "ಅಲ್ಲ, ಕುಡಿತ ಬಿಡಲು ಬಯಸುವ ಹೆಂಗಸರಿಗೆ," ಎಂದೆ. "ಅಂಥವರು ನಮ್ಮಲ್ಲಿ ಯಾರೂ ಇಲ್ಲವಲ್ಲ?" "ನಾನಿದ್ದೇನಲ್ಲ." ಅವರು ಹಾಲ್‌ನ ಕೀಲಿ ಕೊಟ್ಟದ್ದು ಒಪ್ಪಿಗೆಯಿಂದಲೋ ಗಾಬರಿಯಿಂದಲೋ ತಿಳಿಯದು.

ಮಗಳು ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಬ್ಯಾಂಕಿನಿಂದ ಬಂದವಳು ಚಪ್ಪಲಿ ಬಿಡುತ್ತ, "ಇವತ್ತು ಕ್ಯಾಶಿಯರು ಕೇಳಿದರು, ಆ ಹಾಲ್‌ನಲ್ಲಿ ಕೂರುವವರು ನಿಮ್ಮ ತಾಯಿಯಾ ಅಂತ," ಎಂದಳು.

"ಏನಂದೆ?"

"ಹೌದು ಅಂದೆ. ಇನ್ನೇನನ್ನಲಿ?" ಎಂದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಚಹಾದ ವಾಸನೆ ಬಂತು. ಎರಡು ಲೋಟ ಮಾಡಿದ್ದಳು.

ತುಮಕೂರಿನ ನಮ್ಮ ಬೀಗರು ತೆಲುಗು ಓದುವುದಿಲ್ಲ, ಕನ್ನಡ ಓದುತ್ತಾರೆ. ಮಂಡ್ಯದ ನನ್ನ ಅಣ್ಣತಮ್ಮಂದಿರೂ ಓದುತ್ತಾರೆ. ಇದನ್ನು ಕನ್ನಡದಲ್ಲಿ ಬರೆಯುತ್ತಿರುವುದು ಅದಕ್ಕೇ. ಈ ಬಾರಿ ಮಗಳನ್ನು ಕೇಳಿಯೇ ಬರೆಯುತ್ತಿದ್ದೇನೆ.

ಮೊದಲ ಮಂಗಳವಾರ ಹಾಲ್‌ಗೆ ಯಾರೂ ಬರಲಿಲ್ಲ. ಎರಡನೆಯದಕ್ಕೂ ಬರಲಿಲ್ಲ. ಬಾಗಿಲು ತೆರೆದಿಟ್ಟು, ಕುರ್ಚಿಗಳನ್ನು ಸಾಲಾಗಿಟ್ಟು, ಹೊತ್ತು ಮುಗಿಯುವವರೆಗೆ ಕುಳಿತು ಎದ್ದೆ. ಮುಂದಿನ ವಾರ ಎದುರು ಕಟ್ಟಡದ ಹೆಂಗಸೊಬ್ಬಳು ಹೊಸ್ತಿಲಲ್ಲಿ ನಿಂತು, ಸೆರಗನ್ನು ಬಾಯಿಗೆ ಅಡ್ಡ ಹಿಡಿದು, "ಮೇಡಂ, ನೀವು ನರ್ಸಂತೆ, ಸ್ವಲ್ಪ ಬಿಪಿ ನೋಡ್ತೀರಾ?" ಎಂದು ತೆಲುಗಿನಲ್ಲಿ ಕೇಳಿದಳು. ಕುರ್ಚಿಯಲ್ಲಿ ಕೂರಿಸಿ, ಮನೆಯಿಂದ ಯಂತ್ರ ತಂದು ತೋಳಿಗೆ ಕಟ್ಟಿ ನೋಡಿದೆ. ಬಿಪಿ ಸರಿಯಾಗಿಯೇ ಇತ್ತು. ಹಾಗೆಂದು ಹೇಳಿದೆ. ಅವಳು ತಲೆಯಾಡಿಸಿದಳು, ಏಳಲಿಲ್ಲ. ಪಟ್ಟಿ ಬಿಚ್ಚಿ ಮಡಿಸಿಟ್ಟೆ. ಆಗಲೂ ಏಳಲಿಲ್ಲ.

"ನಾನು ಕುಡುಕಿ," ಎಂದೆ. "ಈಗ ಕುಡಿಯುವುದಿಲ್ಲ. ನೀನು ಹೇಳಮ್ಮ."